ಉಗ್ಗುವುದು ನಾಲಗೆ, ತಡೆದು ನಿಲ್ಲುವುದು ಕೈ: ವಯಸ್ಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕನೇ ವಯಸ್ಸಿನಿಂದ ಉಗ್ಗುತ್ತಿದ್ದೇನೆ, ಈಗ ನಲವತ್ತೇಳು. ವೈದ್ಯನಲ್ಲ, ವಾಕ್ ಚಿಕಿತ್ಸಕನೂ ಅಲ್ಲ, ಲೆಕ್ಕಪತ್ರ ನೋಡುವ ಗುಮಾಸ್ತ. ಉಗ್ಗುವವರ ಕೂಟಗಳಲ್ಲಿ ವರ್ಷಗಟ್ಟಲೆ ಕುಳಿತಿದ್ದರಿಂದ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಕಿವಿಗೆ ಬಿದ್ದಿವೆ. ಅವುಗಳಲ್ಲಿ ಅರ್ಧಕ್ಕರ್ಧ ನಾಲಗೆಯ ಬಗ್ಗೆ ಅಲ್ಲ, ಕೈಯ ಬಗ್ಗೆ. ನನಗೆ ಉತ್ತರ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಉಗ್ಗು, ತೊದಲು ಎರಡೂ ಒಂದೇ ಅಲ್ಲವೇ?

ಆಡುಮಾತಿನಲ್ಲಿ ಒಂದೇ, ನಿಜದಲ್ಲಿ ಬೇರೆ. ಮಗು 'ರಾಮ' ಎನ್ನಲಾರದೆ 'ಲಾಮ' ಎನ್ನುವುದು ತೊದಲು. ಹೇಳಬೇಕಾದ ಪದ ಗೊತ್ತಿದ್ದೂ, ಉಚ್ಚಾರಣೆ ಬರುತ್ತಿದ್ದೂ, ಅದು ಹೊರಡದೆ ಸಿಕ್ಕಿಕೊಳ್ಳುವುದು ಉಗ್ಗು. ಕ-ಕ-ಕಮಲ ಎಂದು ಮರುಕಳಿಸಬಹುದು, ಸ್ಸ್ಸ್ಸೀತ ಎಂದು ಎಳೆದುಕೊಳ್ಳಬಹುದು, ಅಥವಾ ಬಾಯಿ ತೆರೆದೇ ಇದ್ದು ಸದ್ದೇ ಬಾರದಿರಬಹುದು. ಈ ಮೂರನೆಯದನ್ನು ನಾವು 'ತಡೆ' ಎನ್ನುತ್ತೇವೆ. ನೂರರಲ್ಲಿ ಐದಕ್ಕೂ ಹೆಚ್ಚು ಮಕ್ಕಳಿಗೆ ಎರಡರಿಂದ ಐದು ವರ್ಷದೊಳಗೆ ಉಗ್ಗು ಕಾಣಿಸಿಕೊಂಡು, ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ಸುಮಾರು ನೂರಕ್ಕೆ ಒಬ್ಬರಿಗೆ. ಅವರಲ್ಲಿ ಗಂಡಸರು ಹೆಂಗಸರ ನಾಲ್ಕು ಪಟ್ಟು.

ಸಿಕ್ಕಿಕೊಳ್ಳುವುದು ಬಾಯಿ. ಕೈಯ ಮಾತು ಇಲ್ಲಿ ಯಾಕೆ?

ಬಾಯಿಯನ್ನೂ ಕೈಯನ್ನೂ ನಡೆಸುವವರು ಒಂದೇ ಓಣಿಯವರು. 1930ರ ದಶಕದಲ್ಲಿ ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತಾ, ಯಾವ ಜಾಗ ಯಾವ ಅಂಗವನ್ನು ಅಲುಗಿಸುತ್ತದೆಂದು ನಕ್ಷೆ ಬರೆದ. ಆ ನಕ್ಷೆಯಲ್ಲಿ ಕೈಬೆರಳುಗಳ ಜಾಗಕ್ಕೂ ಮುಖ, ತುಟಿ, ನಾಲಗೆಗಳ ಜಾಗಕ್ಕೂ ನಡುವೆ ಒಂದೇ ಗೋಡೆ. ದೇಹದಲ್ಲಿ ಅವೆರಡರ ಪಾಲು ತೀರಾ ಚಿಕ್ಕದು, ಮಿದುಳಿನ ಆ ಪಟ್ಟಿಯಲ್ಲಿ ಮಾತ್ರ ಇಬ್ಬರೂ ದೊಡ್ಡ ಜಮೀನುದಾರರು.

ನೆರೆಹೊರೆಯವರಾದ ಮಾತ್ರಕ್ಕೆ ಒಬ್ಬರ ಜ್ವರ ಇನ್ನೊಬ್ಬರಿಗೆ ಬರಬೇಕೆಂದಿಲ್ಲ. ಮುಖ್ಯವಾದದ್ದು ಬೇರೆ ಇದೆ. ಬಲಗೈಯವರಲ್ಲಿ ಬಹುಪಾಲು ಜನರಿಗೆ ಮಾತಿನ ಹಿಡಿತವೂ ಬಲಗೈಯ ನಾಜೂಕು ಕೆಲಸದ ಹಿಡಿತವೂ ಎಡಮಿದುಳಿನಲ್ಲೇ ಇರುತ್ತವೆ. ಎರಡಕ್ಕೂ ಬೇಕಾದದ್ದು ಒಂದೇ ವಿದ್ಯೆ: ಚಿಕ್ಕ ಚಿಕ್ಕ ಚಲನೆಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಕ್ಷಣಕ್ಕೆ, ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವಂತೆ ಕಳುಹಿಸುವುದು. 'ಬನಶಂಕರಿ' ಎನ್ನಲು ತುಟಿ, ನಾಲಗೆ, ಗಂಟಲು, ಉಸಿರು ಒಂದರ ಹಿಂದೊಂದು ಬರಬೇಕು. ಮೊಗ್ಗು ಜೋಡಿಸಿ ಮಾಲೆ ಕಟ್ಟುವ ಬೆರಳುಗಳೂ ಹಾಗೆಯೇ ಬರಬೇಕು. ಉಗ್ಗುವವರಲ್ಲಿ ಈ 'ಕಳುಹಿಸುವ' ಕೆಲಸದಲ್ಲಿ ಕೊಂಚ ವ್ಯತ್ಯಾಸವಿದ್ದರೆ ಅದು ಬಾಯಿಯಲ್ಲಿ ಮಾತ್ರ ಯಾಕೆ ಕಾಣಬೇಕು, ಬೆರಳಿನಲ್ಲೂ ಕಾಣಬೇಕಲ್ಲ? ಸಂಶೋಧಕರು ಹೊರಟದ್ದು ಈ ಪ್ರಶ್ನೆಯಿಂದ.

ಎಡಚರನ್ನು ಬಲಗೈಗೆ ತಿರುಗಿಸಿದ್ದರಿಂದಲೇ ಉಗ್ಗು ಬರುತ್ತದೆ ಎನ್ನುತ್ತಾರೆ. ಹೌದೇ?

ಎಲ್ಲಕ್ಕಿಂತ ಹೆಚ್ಚು ಸಲ ಎದುರಾಗುವ ಪ್ರಶ್ನೆ ಇದು. ನಮ್ಮಲ್ಲಿ ಎಡಗೈಯಲ್ಲಿ ಉಂಡರೆ, ಎಡಗೈಯಲ್ಲಿ ಕೊಟ್ಟರೆ, ಕೊನೆಗೆ ಎಡಗೈಯಲ್ಲಿ ಬರೆದರೂ ಕೈ ಮೇಲೆ ಏಟು ಬೀಳುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ಹಾಗಾಗಿ ಪ್ರತಿ ಕೂಟದಲ್ಲೂ 'ನನಗೆ ಅಜ್ಜಿ ಕೈ ಬದಲಿಸಿದ್ದರಿಂದಲೇ ಹೀಗಾಯಿತು' ಎನ್ನುವವರು ಒಬ್ಬರಾದರೂ ಇರುತ್ತಾರೆ.

ಈ ಮಾತಿಗೆ ಶಾಸ್ತ್ರದ ಅಂಗಿ ತೊಡಿಸಿದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. 1920ರ ದಶಕದ ಕೊನೆಯಲ್ಲಿ ಅಲ್ಲಿನ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಲೀ ಎಡ್ವರ್ಡ್ ಟ್ರಾವಿಸ್ ಹೇಳಿದ್ದು ಹೀಗೆ: ಮಾತಿನ ಸ್ನಾಯುಗಳು ಎರಡೂ ಬದಿಯಿಂದ ಅಪ್ಪಣೆ ಪಡೆಯುತ್ತವೆ, ಮಿದುಳಿನ ಒಂದು ಪಾರ್ಶ್ವ ಯಜಮಾನನಾಗಿ ನಿಂತರೆ ಎರಡೂ ಕಡೆ ಒಟ್ಟಿಗೆ ನಡೆಯುತ್ತವೆ, ಯಜಮಾನಿಕೆ ಗಟ್ಟಿಯಾಗದಿದ್ದರೆ ಎಡಬಲಗಳ ಜಗ್ಗಾಟದಲ್ಲಿ ಮಾತು ಸಿಕ್ಕಿಕೊಳ್ಳುತ್ತದೆ. ಎಡಚನನ್ನು ಬಲಗೈಗೆ ತಿರುಗಿಸಿದರೆ ಯಜಮಾನಿಕೆ ಕೆಡುತ್ತದೆ ಎಂಬುದು ಅದರ ಮುಂದುವರಿಕೆ. ಚಿಕಿತ್ಸೆಯೂ ಸಿದ್ಧವಾಯಿತು: ಮರಳಿ ಎಡಗೈಗೆ ತಿರುಗಿಸಿ!

ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದಿದ್ದ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಎಡಗೈಯಲ್ಲೇ ಬರೆದು, ಎಡಗೈಯಲ್ಲೇ ಕೆಲಸ ಮಾಡಿ, ಎಡಚನಾಗಲು ವರ್ಷಗಟ್ಟಲೆ ಹೆಣಗಿದ. ಉಗ್ಗು ಜಗ್ಗಲಿಲ್ಲ. ನಿರಾಶನಾದ ಜಾನ್ಸನ್ ಪೂರ್ತಿ ಎದುರು ದಿಕ್ಕಿಗೆ ಹೋಗಿ, ಉಗ್ಗು ಹುಟ್ಟುವುದೇ ಹೆತ್ತವರು ಮಗುವಿನ ಸಹಜ ತಡವರಿಕೆಗೆ ಹೆಸರಿಟ್ಟು ಬೈಯುವುದರಿಂದ ಎಂದು ವಾದಿಸಿದ. ಅದೂ ನಿಲ್ಲಲಿಲ್ಲ. ಆ ವಾದವನ್ನು ಪರೀಕ್ಷಿಸಲು 1939ರಲ್ಲಿ ಅನಾಥಾಲಯದ ಮಕ್ಕಳ ಮೇಲೆ ನಡೆದ ಪ್ರಯೋಗಕ್ಕಾಗಿ ಅದೇ ವಿಶ್ವವಿದ್ಯಾಲಯ 2001ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ನನಗೆ ಮಾತ್ರ ಪ್ಲಾಸ್ಟರ್ ಹಾಕಿಸಿಕೊಂಡ ಆ ಹುಡುಗನ ಚಿತ್ರವೇ ಕಣ್ಣಿಗೆ ಕಟ್ಟಿದೆ. ನನ್ನ ನಾಲಗೆಗೆ ಬಜೆ ತಿಕ್ಕಿ ಕಾದು ಕುಳಿತ ನಮ್ಮ ಸೋದರತ್ತೆಯ ನಂಬಿಕೆಗೂ ಅವನ ನಂಬಿಕೆಗೂ ಏನು ವ್ಯತ್ಯಾಸ?

ಎಡಗೈ ಬಿಡಿಸಿ ಬಲಗೈಯಲ್ಲಿ ಬರೆಸಿದ್ದ ಬ್ರಿಟನ್ನಿನ ಆರನೇ ಜಾರ್ಜ್ ದೊರೆಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಆತ ಉಗ್ಗುತ್ತಿದ್ದದ್ದು ನಿಜ, ಕೈ ಬದಲಿಸಿದ್ದೂ ನಿಜ. ಒಂದರಿಂದಲೇ ಇನ್ನೊಂದು ಬಂತು ಎಂಬುದಕ್ಕೆ ಅದು ಪುರಾವೆಯಾಗದು. ಉಗ್ಗುವವರಲ್ಲಿ ಬಹುಪಾಲು ಜನ ಹುಟ್ಟಾ ಬಲಗೈಯವರು. ಕೈ ಬದಲಿಸಿಕೊಂಡ ಎಡಚರಲ್ಲಿ ಬಹುಪಾಲು ಜನ ಉಗ್ಗುವುದಿಲ್ಲ. ಹಾಗೆಂದು ಮಕ್ಕಳ ಕೈ ಬದಲಿಸಬಹುದು ಎಂದಲ್ಲ. ಅದು ಮಗುವನ್ನು ಅಳುವಂತೆ ಮಾಡುತ್ತದೆ ಎಂಬುದೇ ಸಾಕು, ಬೇಡ ಎನ್ನಲು ಬೇರೆ ಕಾರಣ ಬೇಕಿಲ್ಲ.

ಹಾಗಾದರೆ ಹಳೆಯ ಸಿದ್ಧಾಂತ ಪೂರ್ತಿ ಸುಳ್ಳೇ?

ಚಿಕಿತ್ಸೆ ಸುಳ್ಳು. ಊಹೆಯಲ್ಲಿ ಒಂದು ಎಳೆ ಉಳಿದುಕೊಂಡಿದೆ. ಜರ್ಮನಿಯ ಸಂಶೋಧಕರು 2002ರಲ್ಲಿ ವಯಸ್ಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಉಗ್ಗುವವರಲ್ಲಿ ಎಡಮಿದುಳಿನ ಒಂದು ಜಾಗದಲ್ಲಿ, ನಾಲಗೆ ಮತ್ತು ಗಂಟಲಿನ ಪ್ರದೇಶದ ಅಡಿಯಲ್ಲೇ, ನರತಂತುಗಳ ಜೋಡಣೆ ಸಡಿಲವಾಗಿರುವುದು ಕಂಡಿತು. ಬಲಪಾರ್ಶ್ವ ಮಾತಿನ ಹೊತ್ತಿನಲ್ಲಿ ಅಗತ್ಯಕ್ಕಿಂತ ಹೆಚ್ಚು ದುಡಿಯುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಕೈಗೆ ಸಂಬಂಧಿಸಿದ್ದು 2011ರಲ್ಲಿ ಬಂತು. ತಲೆಯ ಮೇಲೆ ಇಪ್ಪತ್ತು ನಿಮಿಷ ಕಾಂತದ ಸುರುಳಿ ಇಟ್ಟು, ಚಲನೆ ಯೋಜಿಸುವ ಭಾಗವನ್ನು ತಾತ್ಕಾಲಿಕವಾಗಿ ಮಂಕು ಮಾಡಿ, ಅದಕ್ಕೆ ಮೊದಲೂ ಆಮೇಲೂ ತಾಳಕ್ಕೆ ಸರಿಯಾಗಿ ಬೆರಳು ತಟ್ಟಿಸಿದರು. ಸರಾಗ ಮಾತಿನವರಲ್ಲಿ ಎಡಭಾಗವನ್ನು ಕೆಣಕಿದಾಗ ತಾಳ ತಪ್ಪಿತು. ಉಗ್ಗುವವರಲ್ಲಿ ಬಲಭಾಗವನ್ನು ಕೆಣಕಿದಾಗ. ಅಂದರೆ ಬಾಯಿ ಮುಚ್ಚಿಕೊಂಡು ಬರೀ ಬೆರಳು ಆಡಿಸುವಾಗಲೂ ನಮ್ಮ ಮಿದುಳು ಕೆಲಸವನ್ನು ಬೇರೆ ರೀತಿ ಹಂಚಿಕೊಂಡಿದೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ನನ್ನ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದೆ.

ಪ್ರಯೋಗಾಲಯದಲ್ಲಿ ಕೈಗಳನ್ನು ಅಳೆದಾಗ ಏನು ಕಂಡಿತು?

ಕೆನಡಾದ ವಿಲಿಯಂ ವೆಬ್‌ಸ್ಟರ್ 1980ರ ದಶಕದಿಂದ ಇದರ ಬೆನ್ನು ಹತ್ತಿದವರು. ನಾಲ್ಕು ಗುಂಡಿಗಳು, ನಾಲ್ಕು ಬೆರಳುಗಳು. ಒಂದು ಕ್ರಮ ಕೊಟ್ಟು ತಟ್ಟಿಸುತ್ತಿದ್ದರು. ನೀವೂ ಈಗಲೇ ಮೇಜಿನ ಮೇಲೆ ಮಾಡಿ ನೋಡಿ: ತೋರುಬೆರಳು, ಉಂಗುರಬೆರಳು, ನಡುಬೆರಳು, ಕಿರುಬೆರಳು; ಮತ್ತೆ ಅದೇ. ಒಮ್ಮೆ ಹತೋಟಿಗೆ ಬಂದ ಮೇಲೆ ಉಗ್ಗುವವರೂ ಉಳಿದವರಷ್ಟೇ ವೇಗವಾಗಿ ತಟ್ಟಿದರು. ಹಿಂದೆ ಬಿದ್ದದ್ದು ಹೊಸ ಕ್ರಮವನ್ನು ಆರಂಭಿಸುವಲ್ಲಿ. ತಪ್ಪುಗಳೂ ಅಲ್ಲೇ ಹೆಚ್ಚು. ಮಾತಿನಲ್ಲಿ ನಾವು ಸಿಕ್ಕಿಕೊಳ್ಳುವುದು ಎಲ್ಲಿ? ಹೆಚ್ಚಾಗಿ ಪದದ ಮೊದಲ ಅಕ್ಷರದಲ್ಲಿ. ಒಮ್ಮೆ ಹೊರಟ ಬಂಡಿ ಓಡುತ್ತದೆ, ಹೊರಡಿಸುವುದೇ ಕಷ್ಟ.

ಎರಡೂ ಕೈಗೆ ಬೇರೆ ಬೇರೆ ಕೆಲಸ ಕೊಟ್ಟಾಗ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಒಂದು ಕೈ ಗುಂಡಿ ತಟ್ಟುತ್ತಿದ್ದಾಗ ಇನ್ನೊಂದು ಕೈಗೆ ಒಂದು ತಿರುಪನ್ನು ತಿರುಗಿಸಲು ಹೇಳಿದರೆ, ಉಗ್ಗುವವರ ತಟ್ಟುವಿಕೆ ಹೆಚ್ಚು ಕೆಡುತ್ತಿತ್ತು. ಎರಡೂ ಕೈಯಲ್ಲಿ ಪೆನ್ಸಿಲ್ ಹಿಡಿಸಿ ಒಂದೇ ಅಕ್ಷರವನ್ನು ಏಕಕಾಲಕ್ಕೆ ಬರೆಸಿದರೆ, ಅವರು ನಿಧಾನಿಸಿದರು. ಕನ್ನಡಿಯಲ್ಲಿ ಕಂಡಂತೆ ಅಕ್ಷರ ತಿರುಗುಮುರುಗಾಗುವುದೂ ಹೆಚ್ಚಿತ್ತು. ನಾನು ಮನೆಯಲ್ಲಿ 'ಕ' ಬರೆದು ನೋಡಿದೆ. ಬಲಗೈಯ 'ಕ' ನೆಟ್ಟಗಿತ್ತು, ಎಡಗೈಯದು ಅದಕ್ಕೆ ಎದುರಾಗಿ ಮುಖ ಮಾಡಿ ನಿಂತಿತ್ತು, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ. ಉಗ್ಗದ ನನ್ನ ಹೆಂಡತಿಯ ಎಡಗೈಯೂ ಒಮ್ಮೆ ತಿರುಗಿತು ಎಂಬುದನ್ನೂ ಹೇಳಿಬಿಡಬೇಕು. ಮನೆಯ ಪ್ರಯೋಗಕ್ಕೆ ಅಷ್ಟೇ ಬೆಲೆ.

ಆಮೇಲೆ ಟೊರಾಂಟೊದಲ್ಲಿ ನಡೆದ ಕೆಲಸ, ಬೆರಳಿನ ಹೊಸ ಕ್ರಮವನ್ನು ಎಷ್ಟು ಅಭ್ಯಾಸಕ್ಕೆ ಎಷ್ಟು ಕಲಿಯುತ್ತಾರೆ ಎಂದು ನೋಡಿತು. ಉಗ್ಗುವವರಿಗೆ ಅಭ್ಯಾಸದಿಂದ ಸಿಕ್ಕ ಲಾಭ ಕಡಿಮೆ. ಕೆಲಸ 'ಕೈಗೆ ಕೂತು' ತಾನಾಗಿ ನಡೆಯುವಂತಾಗುವುದಕ್ಕೆ ಮಿದುಳಿನ ಆಳದ ತಳಗ್ರಂಥಿಗಳು ಬೇಕು. ಅಲ್ಲೇ ಏನೋ ತಡವಿರಬಹುದು ಎಂಬ ಅನುಮಾನಕ್ಕೆ ಇದು ಇಂಬು ಕೊಟ್ಟಿತು.

ಎದುರು ಸಾಕ್ಷಿಯನ್ನೂ ಹೇಳಬೇಕು. 2003ರಲ್ಲಿ ಒಂದೇ ಸಮನೆ ತಾಳ ತಟ್ಟಿಸಿ ಅಳೆದ ಒಂದು ಅಧ್ಯಯನದಲ್ಲಿ ಉಗ್ಗುವ ವಯಸ್ಕರಿಗೂ ಉಳಿದವರಿಗೂ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ಸರಳ ತಾಳದಲ್ಲಿ ನಾವು ಹಿಂದಿಲ್ಲ. ಕ್ರಮ ಹೊಸದಾಗಿದ್ದಾಗ, ಸಂಕೀರ್ಣವಾಗಿದ್ದಾಗ, ಎರಡೂ ಕೈ ಬೇಕಾದಾಗ ಮಾತ್ರ ಕೂದಲೆಳೆಯಷ್ಟು ಅಂತರ ಕಾಣುತ್ತದೆ, ಅದೂ ಗುಂಪಿನ ಸರಾಸರಿಯಲ್ಲಿ.

ಅಂದರೆ ನನ್ನ ಕೈಯಲ್ಲಿ ನಾಜೂಕು ಕೆಲಸ ಆಗುವುದಿಲ್ಲವೇ?

ಯಾರು ಹೇಳಿದರು? ಸೂಜಿಗೆ ದಾರ ಪೋಣಿಸುವಾಗ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ನಮ್ಮ ಕೂಟದಲ್ಲಿ ಒಬ್ಬರು ಅಕ್ಕಸಾಲಿಗರು, ಒಬ್ಬರು ಮೃದಂಗ ನುಡಿಸುವವರು, ಒಬ್ಬರು ಹಲ್ಲಿನ ವೈದ್ಯರು. ಕೈ ಜಾರುತ್ತಿದೆ, ಬಟ್ಟಲು ಬೀಳುತ್ತಿದೆ ಎಂದಾದರೆ ಅದಕ್ಕೆ ಉಗ್ಗನ್ನು ಹೊಣೆ ಮಾಡಿ ಸುಮ್ಮನಿರಬೇಡಿ. ಬೇರೆ ಕಾರಣ ಹುಡುಕಿಸಿ.

ಮಾತು ಸಿಕ್ಕಿಕೊಂಡಾಗ ಕೈಯೂ ನಿಂತುಬಿಡುತ್ತದೆ. ಇದು ನನಗೊಬ್ಬನಿಗೇ ಹೀಗೆಯೇ?

ಅಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ.

ತಂಗಿಯ ಮಗಳ ಮದುವೆಯ ವಿಡಿಯೊದಲ್ಲಿ ಒಂದು ತುಣುಕು ಇದೆ. ಅಡುಗೆಯವರಿಗೆ ಎಲೆ ಎಲ್ಲಿಂದ ಹಾಕಬೇಕೆಂದು ಹೇಳುತ್ತಿದ್ದೇನೆ. ಬಲಗೈ ಮೇಲೆದ್ದು ಪಂಕ್ತಿಯ ಕಡೆಗೆ ಬಾಗುತ್ತಿದೆ. 'ಪ' ಅಕ್ಷರಕ್ಕೆ ತುಟಿ ಮುಚ್ಚಿತು, ತೆರೆಯಲಿಲ್ಲ. ಅದೇ ಕ್ಷಣ ಕೈ ಎದೆಯ ಮಟ್ಟದಲ್ಲಿ, ಬೆರಳು ಅರ್ಧ ಬಿಚ್ಚಿ, ನಿಂತಿತು. ಇಳಿಯಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಪಂಕ್ತಿ ಎಂಬ ಪದ ಹೊರಬಿದ್ದ ಕೂಡಲೇ ಕೈಯೂ ಉಳಿದ ದಾರಿಯನ್ನು ಮುಗಿಸಿತು. ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ನಲವತ್ತು ವರ್ಷ ಬಾಯಿಯನ್ನೇ ಗಮನಿಸುತ್ತಿದ್ದವನಿಗೆ ಕೈ ಕಂಡದ್ದು ಅಂದೇ.

ಆಮೇಲೆ ಓದಿದಾಗ ತಿಳಿಯಿತು, ಮಾಂಟ್ರಿಯಲ್‌ನಲ್ಲಿ ರೇಚಲ್ ಮೇಬೆರಿ ಮತ್ತು ಸಂಗಡಿಗರು ಇದನ್ನೇ ಅಳೆದಿದ್ದರು. ವಯಸ್ಕರಿಗೆ ಕಾರ್ಟೂನ್ ತೋರಿಸಿ ಕಥೆ ಹೇಳಿಸಿದರು. ಉಗ್ಗುವವರು ಮಾತಿನ ಜೊತೆ ಸನ್ನೆ ಮಾಡಿದ್ದೇ ಕಡಿಮೆ. ಸನ್ನೆ ನಡೆಯುತ್ತಿರುವಾಗ ಉಗ್ಗು ಬಂದರೆ ಕೈ ಅಲ್ಲೇ ನಿಲ್ಲುತ್ತಿತ್ತು ಅಥವಾ ಮಡಿಲಿಗೆ ಇಳಿಯುತ್ತಿತ್ತು. ಮಾತು ಬಿಡಿಸಿಕೊಂಡಾಗ ಸನ್ನೆಯೂ ಮುಂದುವರಿಯುತ್ತಿತ್ತು. ಕೈಗೆ ಯಾವ ತೊಂದರೆಯೂ ಇಲ್ಲ, ಬೇಕಿದ್ದರೆ ಮೂಗು ತುರಿಸಿಕೊಳ್ಳಬಲ್ಲದು. ಆದರೂ ಮಾತಿನ ಅರ್ಥವನ್ನು ಹೊತ್ತ ಸನ್ನೆ ಮಾತನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಮಾತು, ಸನ್ನೆ ಎರಡೂ ಒಂದೇ ಯೋಜನೆಯ ಎರಡು ಕವಲು. ಒಂದು ಕಾದರೆ ಇನ್ನೊಂದೂ ಕಾಯುತ್ತದೆ.

ಆದರೆ ನನ್ನ ಕೈ ನಿಲ್ಲುವುದಿಲ್ಲ, ತೊಡೆ ಬಡಿಯುತ್ತದೆ. ಅದೇನು?

ಅದು ಬೇರೆ ಜಾತಿ. ಮುಷ್ಟಿ ಬಿಗಿಯುವುದು, ತೊಡೆ ತಟ್ಟುವುದು, ಜೇಬಿನೊಳಗೆ ಬೆರಳು ಮಡಿಸುವುದು, ಕಾಲು ಒದರುವುದು, ಕಣ್ಣು ಮುಚ್ಚುವುದು, ಇವನ್ನೆಲ್ಲ ಚಿಕಿತ್ಸಕರು ಉಗ್ಗಿನ ಬೆನ್ನಿಗೆ ಬಂದ ಚಟುವಟಿಕೆಗಳು ಎನ್ನುತ್ತಾರೆ. ಯಾವತ್ತೋ ಒಮ್ಮೆ ತೊಡೆ ತಟ್ಟಿದಾಗ ಪದ ಹೊರಬಂದಿರುತ್ತದೆ. ಮರುದಿನವೂ ತಟ್ಟುತ್ತೇವೆ. ಕೆಲವು ವಾರಗಳಲ್ಲಿ ತಟ್ಟಿದರೂ ಪದ ಬಾರದು, ತಟ್ಟುವ ಚಟ ಮಾತ್ರ ಉಳಿಯುತ್ತದೆ. ಉಗ್ಗಿನ ತೀವ್ರತೆಯನ್ನು ಅಳೆಯುವ ಪರೀಕ್ಷೆಯಲ್ಲಿ ಇಂಥ ಕೈಕಾಲಿನ ಚಲನೆಗೂ ಅಂಕವಿದೆ. ಇದೊಂದು ಪರೀಕ್ಷೆಯಲ್ಲಿ ಮಾತ್ರ ಅಂಕ ಕಡಿಮೆ ಬಂದರೆ ಸಂತೋಷ.

ತಾಳ ಹಾಕಿದರೆ ಉಗ್ಗುವುದಿಲ್ಲ. ಹಾಗೇ ಮಾತನಾಡಿದರೆ ಆಗದೇ?

ತಾಳಕ್ಕೆ ಸರಿಯಾಗಿ ಆಡಿದ ಮಾತಿನಲ್ಲಿ ಉಗ್ಗು ಇಳಿಯುವುದು ಬಹಳ ಹಳೆಯ ಅನುಭವ. ಹಾಡುವಾಗ, ಹತ್ತು ಜನರ ಜೊತೆ ಮಂತ್ರ ಹೇಳುವಾಗ, ಭಜನೆಯಲ್ಲಿ, ನಮ್ಮಲ್ಲಿ ಹೆಚ್ಚಿನವರು ಉಗ್ಗುವುದಿಲ್ಲ. ನಾನು ಚಿಕ್ಕವನಿದ್ದಾಗ ಸಂಗೀತದ ಮೇಷ್ಟರ ಮುಂದೆ ಆದಿ ತಾಳದ ಎಂಟು ಎಣಿಕೆ ಹಾಕುತ್ತಾ ಜತಿ ಹೇಳುತ್ತಿದ್ದೆ, 'ತಕ ಧಿಮಿ ತಕ ಝುಣು' ನೀರಿನಂತೆ ಹರಿಯುತ್ತಿತ್ತು. ಪಾಠ ಮುಗಿದ ಮೇಲೆ 'ಬರುತ್ತೇನೆ ಮೇಷ್ಟ್ರೇ' ಎನ್ನಲು ಒದ್ದಾಟ.

ಇದಕ್ಕೆ ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ಚಲನೆಗೆ ಯಾವಾಗ ಹೊರಡಬೇಕೆಂಬ ಸೂಚನೆ ಎರಡು ದಾರಿಯಲ್ಲಿ ಬರಬಹುದು. ಒಳಗಿನಿಂದಲೇ ಬರುವುದು ತಳಗ್ರಂಥಿಗಳ ದಾರಿ. ಹೊರಗಿನ ಸದ್ದನ್ನೋ ತಟ್ಟನ್ನೋ ಹಿಡಿದು ಬರುವುದು ಇನ್ನೊಂದು ದಾರಿ. ಉಗ್ಗುವವರಲ್ಲಿ ಮೊದಲ ದಾರಿಯಲ್ಲಿ ಅಡಚಣೆ. ತಾಳ ಎರಡನೆಯ ದಾರಿಯನ್ನು ತೆರೆಯುತ್ತದೆ. ಪಾರ್ಕಿನ್‌ಸನ್ ಕಾಯಿಲೆಯವರು ನೆಲದ ಮೇಲೆ ಎಳೆದ ಗೆರೆಗಳನ್ನು ದಾಟುತ್ತಾ ಸಲೀಸಾಗಿ ನಡೆಯುವುದಕ್ಕೂ ಇದೇ ಬಗೆಯ ಕಾರಣ ಕೊಡುತ್ತಾರೆ.

ಹಾಗಾದರೆ ಬೆರಳು ತಟ್ಟುತ್ತಲೇ ಬದುಕಬಹುದಲ್ಲ? ಟಿಕ್ ಟಿಕ್ ಎಂದು ಒಂದೇ ಸಮನೆ ತಾಳ ಕೊಡುವ ಮೆಟ್ರೊನೋಮ್ ಎಂಬ ಸಾಧನವನ್ನು ಕಿವಿಗೆ ಕಟ್ಟಿ ಮಾತನಾಡಿಸಿದ ಕಾಲವೂ ಇತ್ತು. ತೊಂದರೆ ಎಂದರೆ ಪ್ರತಿ ಅಕ್ಷರಕ್ಕೂ ಒಂದು ತಟ್ಟು ಹಾಕಿದ ಮಾತು ಲಿಫ್ಟ್‌ನ ಧ್ವನಿಯಂತೆ ಕೇಳುತ್ತದೆ. ತಾಳ ಬಿಟ್ಟ ಕೂಡಲೇ ಉಗ್ಗು ಮರಳುತ್ತದೆ. ಫೋನಿನಲ್ಲಿ ಹೆಸರು ಹೇಳಲೇಬೇಕಾದ ಗಳಿಗೆಗೆ ಒಂದು ಆಸರೆಯಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಪದವನ್ನು ಮೆಲ್ಲಗೆ ಆರಂಭಿಸುವುದು, ತುಟಿ ನಾಲಗೆಗಳನ್ನು ಹಗುರವಾಗಿ ತಾಗಿಸುವುದು, ಚಿಕಿತ್ಸಕರು ಕಲಿಸುವ ಇಂಥ ಕ್ರಮಗಳ ಜಾಗವನ್ನು ಅದು ತುಂಬದು.

ಬೆರಳಿನ ವ್ಯಾಯಾಮ, ಎಡಗೈ ಬರವಣಿಗೆ, ಎರಡೂ ಕೈಯ ಅಭ್ಯಾಸ: ಇವುಗಳಿಂದ ಉಗ್ಗು ಹೋಗುತ್ತದೆಯೇ?

ಇಲ್ಲ. ಹಣ ಕೇಳುವವರಿದ್ದರೆ ಎದ್ದು ಬನ್ನಿ.

ಇಷ್ಟು ದಿನ ಸರಿಯಾಗಿದ್ದ ನನ್ನ ತಂದೆ ಇದ್ದಕ್ಕಿದ್ದಂತೆ ಉಗ್ಗುತ್ತಿದ್ದಾರೆ, ಒಂದು ಕೈಯೂ ಸೋತಿದೆ. ಏನು ಮಾಡಲಿ?

ಓದುವುದನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಿ. ಮಾತು ದಿಢೀರನೆ ಕೆಟ್ಟು, ಒಂದು ಬದಿಯ ಕೈ ಸೋತರೆ ಅಥವಾ ಬಾಯಿ ವಾಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೆಲಸ ಮಾಡುವುದು ಸುಮಾರು ನಾಲ್ಕೂವರೆ ಗಂಟೆಯೊಳಗೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಲಿಂಬೆ ಹಣ್ಣು, ದೃಷ್ಟಿ ನಿವಾಳಿಸುವುದು, ನಾಳೆ ನೋಡೋಣ ಎನ್ನುವುದು ಯಾವುದೂ ಬೇಡ. ತಲೆಗೆ ಪೆಟ್ಟಾದ ಮೇಲೆ ಅಥವಾ ಪಾರ್ಕಿನ್‌ಸನ್‌ನಲ್ಲೂ ವಯಸ್ಕರಿಗೆ ಹೊಸದಾಗಿ ಉಗ್ಗು ಬರಬಹುದು. ಬಾಲ್ಯದಿಂದ ಬಂದ ನಮ್ಮ ಉಗ್ಗಿಗೂ ಇದಕ್ಕೂ ಸಂಬಂಧವಿಲ್ಲ. ಮಾತು ಮತ್ತು ಕೈ ಒಟ್ಟಿಗೆ ಕೆಟ್ಟರೆ ನರರೋಗ ತಜ್ಞರೇ ನೋಡಬೇಕು.

ವಂಶಪಾರಂಪರ್ಯವೇ?

ಒಂದಷ್ಟು ಮಟ್ಟಿಗೆ ಹೌದು. 2010ರಲ್ಲಿ ಮೊದಲ ಬಾರಿಗೆ ಉಗ್ಗಿನೊಂದಿಗೆ ನಂಟಿರುವ ಮೂರು ವಂಶವಾಹಿಗಳ ಹೆಸರು ಹೊರಬಂತು. ಅದಕ್ಕೆ ದಾರಿ ತೋರಿದ್ದು ಪಾಕಿಸ್ತಾನದ ಕುಟುಂಬಗಳು. ಅಪ್ಪ ಉಗ್ಗುತ್ತಾರೆಂದರೆ ಮಗುವೂ ಉಗ್ಗಲೇಬೇಕೆಂದಿಲ್ಲ. ನನ್ನ ಮಗಳು ಜಗಳಕ್ಕೆ ನಿಂತರೆ ಎದುರಿನವರೇ ಉಗ್ಗಬೇಕು.

ವಯಸ್ಕರು ಎಲ್ಲಿಗೆ ಹೋಗಬೇಕು? ಕೈಯನ್ನೂ ಪರೀಕ್ಷಿಸುತ್ತಾರೆಯೇ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ವಯಸ್ಕರನ್ನೂ ನೋಡುತ್ತಾರೆ, ಕನ್ನಡದಲ್ಲೇ ಓದಿಸಿ ಮಾತನಾಡಿಸಿ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸಾ ವಿಭಾಗವಿದೆ. ಬೆರಳು ತಟ್ಟಿಸುವ ಪರೀಕ್ಷೆ ಸಂಶೋಧನೆಗೆ ಮಾತ್ರ, ನಿಮಗೆ ಮಾಡುವುದಿಲ್ಲ. ಮಾತಿನ ವಿಡಿಯೊ ತೆಗೆಯುತ್ತಾರೆ, ಕೈಯೂ ಅದರಲ್ಲಿ ಬರುತ್ತದೆ. ಮನೆಯಿಂದಲೂ ಎರಡು ನಿಮಿಷದ ವಿಡಿಯೊ ಒಯ್ಯಿರಿ. ಚಿಕಿತ್ಸಕರ ಎದುರು ಕುಳಿತ ದಿನವೇ ನಾಲಗೆ ವಕೀಲನಂತೆ ವಾದಿಸುವುದುಂಟು. ಭಾರತೀಯ ಉಗ್ಗುವವರ ಸಂಘದ ಸ್ವಸಹಾಯ ಕೂಟಗಳೂ ಇವೆ, ಅಲ್ಲಿ ಶುಲ್ಕವಿಲ್ಲ, ಯಾರೂ ನಿಮ್ಮ ಪದವನ್ನು ನಿಮ್ಮ ಬದಲು ಮುಗಿಸುವುದಿಲ್ಲ.

ಸಂದರ್ಶನದಲ್ಲಿ ಕೈ ಎಲ್ಲಿಡಲಿ?

ಮೇಜಿನ ಮೇಲೆ, ಕಾಣುವಂತೆ. ಜೇಬಿನಲ್ಲಿ ಅಥವಾ ಮೇಜಿನ ಕೆಳಗೆ ಇಟ್ಟರೆ ಅದು ಬಿಗಿಯುತ್ತದೆ, ಬಿಗಿತ ಭುಜಕ್ಕೆ ಹತ್ತಿ ಗಂಟಲಿಗೆ ಬರುತ್ತದೆ. ಪೆನ್ನು ಹಿಡಿಯಬೇಡಿ, ಅದರ ಮುಚ್ಚಳ ಟಕ್ ಟಕ್ ಎನ್ನತೊಡಗುತ್ತದೆ. ಸನ್ನೆ ಬಂದರೆ ಬರಲಿ. ತಡೆಯಲ್ಲಿ ಕೈ ಗಾಳಿಯಲ್ಲಿ ನಿಂತರೆ ಹಿಂದಕ್ಕೆ ಎಳೆದುಕೊಳ್ಳಬೇಡಿ, ಅಲ್ಲೇ ಬಿಡಿ. ನಾನು ಈಗ ಬಸ್ಸಿನಲ್ಲಿ ಹಾಗೇ ಮಾಡುತ್ತೇನೆ. ಮೊದಲೆಲ್ಲ 'ಬ' ಹೊರಡದೆಂದು ಬನಶಂಕರಿಯ ಬದಲು ಜಯನಗರ ಎಂದು ಹೇಳಿ ಇಳಿದು ನಡೆಯುತ್ತಿದ್ದವನು. ಈಗ ಇಪ್ಪತ್ತರ ನೋಟು ಹಿಡಿದ ಕೈ ಕಂಡಕ್ಟರ್ ಮುಂದೆ ನಿಂತಿರುತ್ತದೆ, ಅವರೂ ನಿಂತಿರುತ್ತಾರೆ. ಪದ ಬರುತ್ತದೆ, ನೋಟು ಕೈ ಬದಲಿಸುತ್ತದೆ, ಚಿಲ್ಲರೆ ಮಾತ್ರ ಯಾವಾಗಲೂ ಇಲ್ಲ ಎನ್ನುತ್ತಾರೆ.